ಕೋಲು ಬಿಟ್ಟ ಒಂದು ನಿಮಿಷ

ಹಾಳೆ ತೀರಾ ಸ್ವಚ್ಛವಾಗಿತ್ತು.

ಅದನ್ನು ಕಂಡೊಡನೆ ಅವಳು ಪುಟ ತಿರುವುವುದನ್ನು ನಿಲ್ಲಿಸಿದಳು. ಬಿಸಿಲಿನಲ್ಲಿ ನಿಂತು ಅಳತೆ ಬರೆದ ಫೀಲ್ಡ್ ಬುಕ್ಕಿನ ಹಾಳೆ ಎಂದಾದರೂ ಹೀಗಿರುವುದುಂಟೇ? ಹೆಬ್ಬೆರಳಿನ ಧೂಳು, ಬೆವರಿಗೆ ಹರಡಿದ ಅಂಕಿ, ತಪ್ಪಾದಲ್ಲಿ ಒಂದೇ ಗೆರೆ ಎಳೆದು ಪಕ್ಕದಲ್ಲಿ ತಿದ್ದಿದ ಸಂಖ್ಯೆ, ಇವೆಲ್ಲ ಇರಲೇಬೇಕು. ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಸರ್ವೆ ಕಲಿಸಿದ ಮೇಷ್ಟ್ರ ಮೊದಲ ಪಾಠವೇ ಅದು.

ಹತ್ತನೇ ಹಾಳೆ ಕೊಳಕಾಗಿತ್ತು. ಹನ್ನೆರಡನೆಯದೂ ಕೊಳಕೇ. ನಡುವಿನ ಹನ್ನೊಂದನೆಯದು ಮಾತ್ರ ಇಸ್ತ್ರಿ ಮಾಡಿದ ಅಂಗಿಯಂತೆ ಕುಳಿತಿತ್ತು. ಹೊಲಿಗೆಯ ಅಂಚಿನಲ್ಲಿ ಬೆರಳಾಡಿಸಿದಳು. ಗೋಂದು ಒಣಗಿದ ಸಣ್ಣ ಗೆರೆಯೊಂದು ಉಗುರಿಗೆ ತಾಗಿತು.

ಇದು ಮೇಜಿನ ಮುಂದೆ ಕುಳಿತು ಬರೆದು ಅಂಟಿಸಿದ ಹಾಳೆ. ಬರೆದವನು ಗುಳ್ಳೆ.

ಕಾಲೇಜಿನ ಉಪಕರಣಗಳ ಕೋಣೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆ ಪುಸ್ತಕವನ್ನು ಕಪಾಟಿಗೆ ಒಪ್ಪಿಸಿ ಹೋಗಲೆಂದಷ್ಟೇ ಅವಳು ಬಂದಿದ್ದಳು. ಸಂಜೆ ಏಳಕ್ಕೆ ಅವಳ ರೈಲು. ನಾಳೆ ಬೆಳಿಗ್ಗೆ ಹತ್ತಕ್ಕೆ, ಬೇರೊಂದು ಊರಿನಲ್ಲಿ, ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ. ಅದು ಅಮ್ಮನಿಗೆ ಗೊತ್ತು, ಅಪ್ಪನಿಗೆ ಅರ್ಧ ಗೊತ್ತು. ಗುಳ್ಳೆಗೆ ಗೊತ್ತಿಲ್ಲ.

ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಕೆಲಸವೂ ಇತ್ತು. ಈ ಹಾಳೆಯಲ್ಲಿನ ಅಂಕಿಗಳನ್ನು ನಂಬಿ ಆಸ್ಪತ್ರೆಯವರು ರ‍್ಯಾಂಪಿಗೆ ಕಾಂಕ್ರೀಟ್ ಸುರಿಯುವವರಿದ್ದರು.

ಗುಳ್ಳೆ ಎಂದರೆ ಅವಳ ಸಹಪಾಠಿ, ನಾಲ್ಕು ವರ್ಷದ ಜೊತೆಗಾರ. ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವ ತನಕ ಉಸಿರೂ ಬಿಡದವನಾದ್ದರಿಂದ ಕ್ಲಾಸಿನವರು ಇಟ್ಟ ಹೆಸರು. ಅವಳಿಗೆ ಇಟ್ಟದ್ದು ಕೋಲಮ್ಮ. ಅವನ ಬಾಯಲ್ಲಿ ಅದು ಬರಿಯ ಕೋಲು.

ಮೊದಲ ವರ್ಷದ ಮೊದಲ ಪಾಠಕ್ಕೆ ತಡವಾಗಿ ಬಂದವರು ಇವರಿಬ್ಬರೇ. ಹಾಗಾಗಿ ಜೋಡಿಯಾದರು. ಅವನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿನ ಎತ್ತರ ಅಳೆಯುವ ಹಳೆಯ ಲೆವೆಲ್ ಉಪಕರಣದ ದುರ್ಬೀನಿಗೆ ಕಣ್ಣಿಟ್ಟ. ಅವಳು ಐವತ್ತು ಹೆಜ್ಜೆ ದೂರದಲ್ಲಿ, ತನಗಿಂತ ಎರಡು ಪಟ್ಟು ಎತ್ತರದ, ಅಂಕಿ ಬರೆದ ಕೋಲನ್ನು ಹಿಡಿದು ನಿಂತಳು. ಅವನು ಬಲಗೈ ಚಾಚಿದ. ಕೋಲನ್ನು ಆ ಕಡೆ ಸ್ವಲ್ಪ ವಾಲಿಸು ಎಂದು ಅದರ ಅರ್ಥ. ಪಾಪ, ಪರಿಚಯ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಅವಳು ನಗುತ್ತ ಕೈ ಬೀಸಿದ್ದಳು. ಕ್ಲಾಸಿಗೆ ಕ್ಲಾಸೇ ಬಿದ್ದುಬಿದ್ದು ನಕ್ಕಿತ್ತು. ಅವನೊಬ್ಬ ಮಾತ್ರ ದುರ್ಬೀನಿನಿಂದ ಕಣ್ಣು ತೆಗೆದು, ಒಂದು ಕ್ಷಣ ತಡೆದು, ತಾನೂ ಕೈ ಬೀಸಿದ್ದ.

ಆಮೇಲೆ ಸನ್ನೆಗಳೆಲ್ಲ ಕಲಿತಳು. ಎರಡೂ ಕೈ ಮೇಲೆತ್ತಿ ಇಳಿಸಿದರೆ "ಆಯ್ತು, ಮುಂದಕ್ಕೆ ನಡಿ" ಎಂದು. ಈ ಕೆಲಸದ ಬಿಗಿ ನಿಯಮವೊಂದನ್ನೂ ಕಲಿತಳು: ಇಬ್ಬರೂ ಒಟ್ಟಿಗೆ ಜಾಗ ಬದಲಿಸುವಂತಿಲ್ಲ. ಅವನು ಉಪಕರಣ ಎತ್ತಿಕೊಂಡು ಮುಂದೆ ಹೋಗುವಾಗ ಕೋಲು ನೆಟ್ಟ ಬಿಂದುವಿನಿಂದ ಅವಳು ಕದಲಬಾರದು. ಅವಳು ನಡೆಯುವಾಗ ಅವನು ಅಲುಗಬಾರದು. ಕೊನೆಗೆ ಹೊರಟ ಜಾಗಕ್ಕೇ ಮರಳಿ ಲೆಕ್ಕ ಕೂಡಿದಾಗ ಎತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಬರದಿದ್ದರೆ ಎಲ್ಲೋ ಯಾರೋ ಕದಲಿದ್ದಾರೆ.

ಐದು ವಾರದ ಹಿಂದೆ ಅವಳು ಕದಲಿದ್ದಳು.

ಆಸ್ಪತ್ರೆಯ ಹಳೆಯ ವಾರ್ಡಿನಿಂದ ಹೊಸ ಆಪರೇಷನ್ ಥಿಯೇಟರಿಗೆ ಹೋಗಬೇಕಾದರೆ ಏಳು ಮೆಟ್ಟಿಲು. ರೋಗಿಗಳನ್ನು ನಾಲ್ಕು ಜನ ಹೊತ್ತು ಇಳಿಸುತ್ತಿದ್ದರು. ಅಲ್ಲಿ ರ‍್ಯಾಂಪ್ ಕಟ್ಟಲು ಮಟ್ಟ ಅಳೆದುಕೊಡುವುದೇ ಇವರ ಕೊನೆಯ ವರ್ಷದ ಪ್ರಾಜೆಕ್ಟ್. ವಾರ್ಡಿನ ಬಾಗಿಲಲ್ಲಿ, ಸೀಮೆಸುಣ್ಣದ ಗುರುತಿನ ಮೇಲೆ ಕೋಲು ನೆಟ್ಟು ಅವಳು ದಿನವೂ ನಿಲ್ಲುತ್ತಿದ್ದಳು. ಎದುರಿಗೇ ಒಂಬತ್ತನೇ ಮಂಚ. ಅದರಲ್ಲಿ ಸೊಂಟ ಮುರಿದುಕೊಂಡ, ನಿವೃತ್ತ ಪೋಸ್ಟ್‌ಮ್ಯಾನ್ ತಾತ.

"ಏನಮ್ಮ, ದಿನಾ ಕೋಲು ಹಿಡ್ಕೊಂಡು ಕಾವಲು ನಿಲ್ತೀಯಲ್ಲ, ನಾನು ಓಡಿಹೋಗ್ತೀನಿ ಅಂತಾನಾ?" ಎಂದು ದಿನವೂ ರೇಗಿಸುತ್ತಿದ್ದ ತಾತ ಆ ದಿನ ರೇಗಿಸಲಿಲ್ಲ. ಅವನ ಎದೆ ಏರಿಳಿಯುವುದು ಕಂಡಿತು. ತುಂಬ ಬೇಗ. ಅವಳು ಕೈಗಡಿಯಾರ ನೋಡುತ್ತ ಎಣಿಸಿದಳು. ನಿಮಿಷಕ್ಕೆ ಮೂವತ್ತನಾಲ್ಕು. ತುಟಿ ನೀಲಿಗೆ ತಿರುಗುತ್ತಿತ್ತು. ಗುಳ್ಳೆ ಉಪಕರಣ ಹೆಗಲಿಗೇರಿಸಿಕೊಂಡು ಕಾರಿಡಾರಿನ ಆಚೆ ತುದಿಗೆ ಹೋಗುತ್ತಿದ್ದ. ಅವಳು ನಿಂತಲ್ಲೇ ನಿಂತಿರಬೇಕಾದ ಹೊತ್ತು ಅದು.

ಕೋಲನ್ನು ಗೋಡೆಗೆ ಒರಗಿಸಿ ಓಡಿದಳು.

ನರ್ಸ್ ಬಂದರು, ಡಾಕ್ಟರಮ್ಮ ಬಂದರು, ಆಕ್ಸಿಜನ್ ಬಂತು. ಏದುಸಿರು ಬಿಡುತ್ತ ಮರಳಿ ಕೋಲು ನೆಟ್ಟಾಗ ಅದರ ಬುಡ ಎಲ್ಲಿ ಊರಿತೆಂದು ಅವಳು ನೋಡಲೇ ಇಲ್ಲ. ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಅದೇ ದಾರಿಯಲ್ಲಿ ಹೋಗುತ್ತ ನಿಂತರು.

"ಉಸಿರು ಎಣಿಸಿದ್ದು ನೀನಾ? ಸರಿಯಾಗಿ ಎಣಿಸಿದೀಯ. ನರ್ಸಿಂಗ್ ಓದ್ತಿದ್ದೀಯಾ?"

"ಇಲ್ಲ ಮೇಡಂ. ಸಿವಿಲ್ ಇಂಜಿನಿಯರಿಂಗ್, ಕೊನೇ ವರ್ಷ."

"ಓ," ಎಂದು ಅವರು ಹೊರಟುಹೋದರು.

ಆ ಒಂದು "ಓ" ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮೂರು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಅರ್ಜಿ ತುಂಬಿದಳು.

"ಹೊಲಿದು ಮುಗಿಸಿದ ಬಟ್ಟೆ ತಂದು ಬಿಚ್ಚಿ ಬೇರೆ ಥರ ಹೊಲಿರಿ ಅನ್ನೋ ಗಿರಾಕಿಗೆ ನಾನು ಎಷ್ಟು ಬೈತೀನಿ ಗೊತ್ತಾ?" ಎಂದಿದ್ದಳು ಅಮ್ಮ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಸ್ವಲ್ಪ ಹೊತ್ತು ತುಳಿದು, ನಿಲ್ಲಿಸಿ, "ಬೈದು ಬಿಚ್ಚಿಕೊಡ್ತೀನಿ. ಬಟ್ಟೆ ಅವರದಲ್ವಾ," ಎಂದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಆ ಹುಡುಗನಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಆ ಅಳತೆಯ ಕೊನೆಯಲ್ಲಿ ಲೆಕ್ಕ ತಪ್ಪುತ್ತದೆ, ಅವನು ಯಾಕೆಂದು ಕೇಳುತ್ತಾನೆ, ಆಗ ಎಲ್ಲವನ್ನೂ ಹೇಳುವುದು ಎಂದು ಕಾದಿದ್ದಳು. ಗುಳ್ಳೆ ಲೆಕ್ಕ ಕೂಡಿ, "ವ್ಯತ್ಯಾಸ ಎರಡೇ ಮಿಲಿಮೀಟರ್. ಪಾಸ್!" ಎಂದುಬಿಟ್ಟಿದ್ದ.

ಈಗ ಆ ಎರಡು ಮಿಲಿಮೀಟರು ಗೋಂದಿನ ವಾಸನೆ ಹೊತ್ತು ಅವಳ ಮುಂದಿತ್ತು.

ಪುಸ್ತಕ ಹಿಡಿದು ಅವಳು ನೇರ ಆಫೀಸಿಗೆ ನಡೆದಳು. ಅವರಿಬ್ಬರ ಆಫೀಸು ಎಂದರೆ ಗುಳ್ಳೆಯ ಮನೆಯ ಮಹಡಿಯ ಮೇಲಿನ ಕೋಣೆ. ಡಿಗ್ರಿ ಮುಗಿದೊಡನೆ ಇಬ್ಬರೂ ಸೇರಿ ಸರ್ವೆ ಕೆಲಸ ಹಿಡಿಯುವುದೆಂದು ಎರಡು ವರ್ಷದ ಹಿಂದೆಯೇ ನಿಶ್ಚಯವಾಗಿತ್ತು. ಇನ್ನೊಂದು ನಿಶ್ಚಯವೂ ಅದರೊಳಗೇ ಇತ್ತು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕೆಳಗೆ ಜಗಲಿಯಲ್ಲಿ ಅವನಪ್ಪ, ಮೂವತ್ತು ವರ್ಷ ದುರ್ಬೀನಿಗೆ ಒಂದು ಕಣ್ಣು ಮುಚ್ಚಿ ಈಗಲೂ ಒಂದು ಕಣ್ಣು ಕಿರಿದು ಮಾಡಿಯೇ ನೋಡುವ ಹಳೆಯ ಸರ್ವೆಯರ್, ಪೇಪರು ಓದುತ್ತಿದ್ದರು.

"ಬಾಮ್ಮ, ಮೇಲಿದ್ದಾನೆ. ಬೋರ್ಡು ಸೊಟ್ಟ ಅಂತ ಬೆಳಿಗ್ಗೆಯಿಂದ ಮೂರು ಸಲ ಬಿಚ್ಚಿದಾನೆ. ಮಟ್ಟ ನೋಡೋದನ್ನೇ ನಾಲ್ಕು ವರ್ಷ ಓದಿದೋನು!"

ಗುಳ್ಳೆ ಕುರ್ಚಿಯ ಮೇಲೆ ನಿಂತು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದ. ಅವಳ ಹೆಜ್ಜೆಯ ಸದ್ದಿಗೇ ಅವನ ಕಿವಿ ಕೆಂಪಾಗುತ್ತದೆಂಬುದು ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟು.

"ಬಂದ್ಯಾ? ಅಲ್ಲೇ ನಿಲ್ಲು. ಸೊಟ್ಟ ಇದೆಯಾ ಹೇಳು."

"ಎಡಗಡೆ ಇಳಿದಿದೆ."

"ನಿನ್ನ ಹೆಸರು ಬರೋ ಕಡೆ." ಮೊಳೆ ತೆಗೆದು ಹಲ್ಲು ಕಿರಿದ. "ಭಾರ ಜಾಸ್ತಿ ಅಲ್ವಾ."

ಬಲಭಾಗದಲ್ಲಿ ಅವನ ಹೆಸರು ಒಣಗಿತ್ತು. ಎಡಭಾಗ ಖಾಲಿ. ಅವಳು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಳು. ಅವನ ನಗು ಅಂಚಿನಿಂದ ಆರತೊಡಗಿತು.

"ಮೊದಲಿನ ಹಾಳೆ ಎಲ್ಲಿ?"

"ಅದೇ ಕಣೇ ಮೊದಲಿನದು."

"ಗುಳ್ಳೆ, ನಿನ್ನ ಹೆಬ್ಬೆರಳಿನ ಗುರುತಿಲ್ಲದ ಹಾಳೆ ನಾನು ನಾಲ್ಕು ವರ್ಷದಲ್ಲಿ ನೋಡಿಲ್ಲ."

ಅವನು ಕುರ್ಚಿಯಿಂದ ಇಳಿದ. ಮೇಜಿನ ಖಾನೆ ಎಳೆದು, ನಾಲ್ಕು ಮಡಿಕೆಯ ಕೊಳಕು ಕಾಗದವೊಂದನ್ನು ತೆಗೆದುಕೊಟ್ಟ. ಎಸೆಯಲು ಮನಸ್ಸು ಬಂದಿರಲಿಲ್ಲ. ಕೊನೆಯ ಸಾಲಿನಲ್ಲಿ ಸುತ್ತು ಹಾಕಿದ ಅಂಕಿ ಇತ್ತು. ಮೂವತ್ತೆಂಟು.

"ಮೂವತ್ತೆಂಟು ಮಿಲಿಮೀಟರ್ ಬಂತು. ಎಲ್ಲ ರೀಡಿಂಗಿಗೂ ಚೂರುಚೂರು ಹಂಚಿ ಎರಡು ಮಾಡ್ದೆ."

"ಯಾಕೆ?"

ಅವನು ಮೇಜಿನ ಖಾನೆಯನ್ನು ಮೆಲ್ಲಗೆ ಮುಚ್ಚಿದ.

"ನಾನು ಕೋಲು ಬಿಟ್ಟು ಹೋಗಿದ್ದು ನೋಡಿದ್ಯಲ್ವಾ? ನನ್ನ ತಪ್ಪು ಮುಚ್ಚೋಕಾ?"

ಅವನು ತಲೆ ತಗ್ಗಿಸಿ ಮೊಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಅದನ್ನು ಅವಳು ಹೌದೆಂದೇ ಓದಿಕೊಂಡಳು. ಇಷ್ಟು ಪ್ರೀತಿಸುವವನಿಗೆ ಇನ್ನು ನಾಲ್ಕು ಗಂಟೆಯಲ್ಲಿ ಏನೆಂದು ಹೇಳುವುದು?

"ಉಪಕರಣ ತಗೋ. ಆಸ್ಪತ್ರೆಗೆ ನಡಿ. ಈಗಲೇ ಮತ್ತೆ ಅಳೀಬೇಕು, ಏಳಕ್ಕೆ ನನಗೆ ಟ್ರೈನಿದೆ."

"ಟ್ರೈನಾ? ಎಲ್ಲಿಗೆ?"

"ಮೊದಲು ಕೆಲಸ."

ವಾರ್ಡಿನ ಬಾಗಿಲಲ್ಲಿ ಸೀಮೆಸುಣ್ಣದ ಗುರುತು ಮಸುಕಾಗಿತ್ತು. ಅದರ ಪಕ್ಕದಲ್ಲೇ ಹೊಸ್ತಿಲ ಕಲ್ಲು. ಅವಳು ಮಂಡಿಯೂರಿ ಸ್ಕೇಲು ಹಿಡಿದಳು. ಹೊಸ್ತಿಲ ಎತ್ತರ ಸರಿಯಾಗಿ ಮೂವತ್ತೆಂಟು. ಓಡಿಬಂದ ಅವಸರದಲ್ಲಿ ಕೋಲನ್ನು ನೆಲದ ಬದಲು ಹೊಸ್ತಿಲ ಮೇಲೆ ಊರಿದ್ದಳು.

ಒಂಬತ್ತನೇ ಮಂಚದಿಂದ ಪರಿಚಿತ ದನಿ ಬಂತು.

"ಏನು ಕೋಲಮ್ಮ, ಮತ್ತೆ ಬಂದ್ಯಾ? ಸೋಮವಾರ ಬಿಟ್ಟು ಸೋಮವಾರ ನನ್ನ ಆಪರೇಷನ್ನಂತೆ. ಹೊಸ ರಸ್ತೇಲಿ ಮೊದಲ ಸವಾರಿ ನಂದೇ. ರಸ್ತೆ ಸರಿಯಾಗಿದೆ ತಾನೇ?"

"ನೋಡೋಕೇ ಬಂದಿದೀವಿ ತಾತ."

"ನೋಡಮ್ಮ. ನಲ್ವತ್ತು ವರ್ಷ ಸೈಕಲ್ ತುಳಿದೋನು ನಾನು. ಸಣ್ಣ ಕುಲುಕಿಗೂ ಈ ಸೊಂಟ ಈಗ ಪ್ರಾಣ ಹಿಂಡುತ್ತೆ."

ಅಳತೆ ಶುರುವಾಯಿತು. ಅವನು ನಡೆದ, ಅವಳು ನಿಂತಳು. ಅವಳು ನಡೆದಳು, ಅವನು ನಿಂತ. ಕಾರಿಡಾರಿನಲ್ಲಿ ಟ್ರಾಲಿಗಳು, ಫಿನಾಯಿಲ್ ವಾಸನೆ, ಯಾರೋ ಯಾರನ್ನೋ ಕರೆಯುವ ಸದ್ದು. ವಾರ್ಡಿನಿಂದ ಡಾಕ್ಟರಮ್ಮನ ಮಾತು ಕೇಳಿಬಂತು. ಅವಳು ಆ ಕಡೆ ತಿರುಗಲಿಲ್ಲ. ದುರ್ಬೀನಿನ ಕರಿಯ ಗಾಜನ್ನೇ ನೋಡುತ್ತ, ಕೋಲನ್ನು ಎದೆಗೆ ಅವಚಿ ನಿಂತಳು. ಎರಡೂ ಕೈಗೆ ಕೆಲಸವಿತ್ತು. ಕೆನ್ನೆ ಒರೆಸಿಕೊಳ್ಳಲು ಕೈ ಉಳಿದಿರಲಿಲ್ಲ.

ಅವನ ಬಲಗೈ ಸನ್ನೆ ಮಾಡಲು ಮೇಲೆದ್ದು, ಅಲ್ಲೇ ತುಸು ಹೊತ್ತು ತಡೆಯಿತು.

ಐದೂ ಮುಕ್ಕಾಲಿಗೆ ಲೆಕ್ಕ ಕೂಡಿತು. ರ‍್ಯಾಂಪಿನ ತುದಿ ಹಂಚಿಹೋದ ಚೂರುಗಳನ್ನು ಕಳೆದೂ, ಥಿಯೇಟರಿನ ನೆಲಕ್ಕಿಂತ ಇಪ್ಪತ್ತಾರು ಮಿಲಿಮೀಟರ್ ಕೆಳಗೆ ಬರುತ್ತಿತ್ತು. ಪ್ರತಿ ಟ್ರಾಲಿಯ ಚಕ್ರವೂ ಒಂದೂವರೆ ಬೆರಳಿನ ಅಂಚಿಗೆ ಬಡಿಯುತ್ತಿತ್ತು.

ಕಟ್ಟಡದ ಸೂಪರ್‌ವೈಸರ್ ಕೇಳಿಸಿಕೊಂಡು ಹೆಲ್ಮೆಟ್ ತೆಗೆದು ತಲೆ ಕೆರೆದರು.

"ಏನ್ರೀ ಇದು? ಬೆಳಿಗ್ಗೆ ಕಾಂಕ್ರೀಟ್ ಗಾಡಿ ಬರುತ್ತೆ, ಈಗ ಬಂದು ತಪ್ಪು ಅಂತೀರಲ್ಲ!"

"ಕೋಲು ಬಿಟ್ಟು ಹೋಗಿದ್ದು ನಾನು ಸಾರ್," ಎಂದಳು.

"ಗೊತ್ತಿದ್ದೂ ಪುಸ್ತಕ ತಿದ್ದಿದ್ದು ನಾನು. ದೊಡ್ಡ ತಪ್ಪು ಅದು," ಎಂದ ಗುಳ್ಳೆ.

"ಆದ್ರೆ ಮೊದಲು ನಾನು..."

"ಸಾಕು ಸಾಕು! ತಪ್ಪನ್ನ ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡೋ ಹಾಗೆ ಕಿತ್ತಾಡ್ತೀರಲ್ಲ." ಅವರು ಗುಳ್ಳೆಯತ್ತ ತಿರುಗಿದರು. "ಮುಂದಿನ ಕಟ್ಟಡದ ಸರ್ವೆ ನಿಮ್ಮ ಆಫೀಸಿಗೆ ಕೊಡೋಣ ಅಂತಿದ್ದೆ. ಅದನ್ನ ಮರ್ತುಬಿಡಿ. ಕಾಲೇಜಿಗೂ ಕಾಗದ ಹಾಕ್ತೀನಿ." ಎರಡು ಹೆಜ್ಜೆ ಹೋಗಿ ನಿಂತರು. "ನಾಳೆ ಒಂಬತ್ತಕ್ಕೆ ಬಂದಿದ್ರೆ ಏನು ಮಾಡ್ತಿದ್ದೆ ಅನ್ನೋದೂ ಗೊತ್ತಿಲ್ಲ. ಹೋಗ್ಲಿ." ಆಮೇಲೆ ಆಳುಗಳತ್ತ ಕೂಗಿದರು. "ಲೋ, ತುದೀ ಹಲಗೆ ಬಿಚ್ರೋ!"

ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ನಡುವೆ ಉಪಕರಣದ ಪೆಟ್ಟಿಗೆ. ರೈಲಿಗೆ ಒಂದು ಗಂಟೆ.

"ನನ್ನ ತಪ್ಪು ಮುಚ್ಚೋಕೆ ಹೋಗಿ ನಿನ್ನ ಮೊದಲ ಕೆಲಸ ಕಳ್ಕೊಂಡೆ," ಎಂದಳು. "ನಾನು ನಿನಗೊಂದು ವಿಷಯ ಹೇಳ್ಬೇಕು. ಕೇಳಿದ ಮೇಲೆ ನನಗೋಸ್ಕರ ಯಾಕಾದ್ರೂ ಮಾಡ್ದೆ ಅನ್ಸುತ್ತೆ."

"ನಿನಗೋಸ್ಕರ ಮಾಡಿಲ್ಲ."

ಅವಳು ತಿರುಗಿದಳು. ಅವನು ಪೆಟ್ಟಿಗೆಯ ಕೊಂಡಿಯನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದ.

"ಆ ಹಳೇ ದುರ್ಬೀನಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತೆ, ಗೊತ್ತಲ್ಲ. ನಾಲ್ಕು ವರ್ಷ ನಿನ್ನ ಹಾಗೇ ನೋಡಿದೀನಿ. ಮೈದಾನದಲ್ಲಿ, ರಸ್ತೇಲಿ, ಎಲ್ಲೇ ನಿಂತ್ರೂ ನೀನು ನನ್ನ ಕಡೆ ನೋಡ್ತಿದ್ದೆ. ರೀಡಿಂಗ್ ಎರಡು ಸೆಕೆಂಡಿನ ಕೆಲಸ ಕಣೇ. ನಾನು ಒಂದು ನಿಮಿಷ ಕಣ್ಣಿಟ್ಟಿರ್ತಿದ್ದೆ. ಇಲ್ಲಿಗೆ ಬಂದ್ಮೇಲೆ ನೀನು ನನ್ನ ಕಡೆ ನೋಡೋದೇ ಬಿಟ್ಟೆ. ವಾರ್ಡಿನ ಕಡೆ ನೋಡ್ತಿದ್ದೆ. ನಿನ್ನ ತುಟಿ ಏನೇನೋ ಎಣಿಸ್ತಿತ್ತು. ಆ ದಿನ ನೀನು ಓಡಿ ವಾಪಸ್ ಬಂದ್ಯಲ್ಲ, ಆ ಮುಖ... ಆ ಥರ ಮುಖ ನಾನು ಯಾವತ್ತೂ ನೋಡಿರ್ಲಿಲ್ಲ. ತಲೆಕೆಳಗಾಗಿದ್ರೂ ಗೊತ್ತಾಯ್ತು."

"ಗುಳ್ಳೆ..."

"ಮೂವತ್ತೆಂಟು ಅಂತ ಹೇಳಿದ್ರೆ ಮತ್ತೆ ಒಂದು ವಾರ ಇಲ್ಲೇ ಅಳೀಬೇಕಿತ್ತು. ಈ ಬಾಗಿಲಲ್ಲಿ ನೀನು ನಿಂತ ಪ್ರತಿ ದಿನ ಸ್ವಲ್ಪ ಸ್ವಲ್ಪ ದೂರ ಹೋಗ್ತಿದ್ದೆ. ನಿನ್ನ ಇಲ್ಲಿಂದ ಕರ್ಕೊಂಡು ಹೋಗ್ಬೇಕಿತ್ತು ನನಗೆ. ಅಷ್ಟೇ. ತಾತನ ಸೊಂಟದ ನೆನಪೂ ಬರ್ಲಿಲ್ಲ, ಥೂ." ಕೊಂಡಿ ಕೈಬಿಟ್ಟ. "ಈಗ ಹೇಳು. ಟ್ರೈನು ಎಲ್ಲಿಗೆ?"

ಅವಳು ಹೇಳಿದಳು. ಪರೀಕ್ಷೆ, ಊರು, ಆರು ವರ್ಷ. ಸೀಟು ಸಿಕ್ಕರೆ.

"ಕೊನೇ ವರ್ಷದಲ್ಲಿ," ಎಂದ.

"ಆ ಡಾಕ್ಟರಮ್ಮ 'ಓ' ಅಂದ್ರು. ಯಾರೋ ಮುಖದ ಮೇಲೆ ಬಾಗಿಲು ಹಾಕ್ಕೊಂಡ ಹಾಗಾಯ್ತು. ಅಲ್ಲೊಂದು ಬಾಗಿಲಿತ್ತು ಅನ್ನೋದೇ ಅವತ್ತು ಗೊತ್ತಾಗಿದ್ದು ನನಗೆ."

"ನನಗೆ ಹೇಳ್ಬಾರ್ದಿತ್ತಾ? ಐದು ವಾರ!"

"ಹೇಳಿದ್ರೆ ನೀನು ಹೋಗು ಅಂದ್ಬಿಡ್ತೀಯ ಅಂತ ಭಯ. ಬೇಡ ಅಂತೀಯ ಅಂತಾನೂ ಭಯ."

ಅವನು ನಕ್ಕಂತೆ ಮಾಡಿದ. ನಗು ಬರಲಿಲ್ಲ.

"ನನಗೆ ಕೋಪ ಇದೆ, ಕೋಲು. ಇವತ್ತೂ ಇದೆ, ನಾಳೆನೂ ಇರುತ್ತೆ. ಈ ಸಲ ಅದನ್ನ ಚೂರುಚೂರು ಹಂಚಿ ಮುಚ್ಚಲ್ಲ."

"ಮುಚ್ಚಬೇಡ."

"ಇವತ್ತು ಮಾತ್ರ ಪೂರ್ತಿ ಹೊತ್ತು ನನ್ನ ಕಡೆ ನೋಡ್ತಿದ್ದೆ."

"ಹೂಂ."

"ಅಳ್ತಿದ್ದೆ. ತಲೆಕೆಳಗಾಗಿ ನೋಡಿದ್ರೆ ಕಣ್ಣೀರು ಮೇಲಕ್ಕೆ ಹತ್ತುತ್ತೆ ಕಣೇ. ರೀಡಿಂಗ್ ತಗೊಳ್ಳೋಕೇ ಆಗ್ಲಿಲ್ಲ, ಎರಡೆರಡು ಸಲ ನೋಡಿದೆ."

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅವನ ಕೈ ಪಕ್ಕದಲ್ಲೇ ಇತ್ತು. ಕಿರುಬೆರಳಿಗೆ ಕಿರುಬೆರಳು ತಾಗಿತು. ಅವನು ಸರಿಸಲಿಲ್ಲ, ಹಿಡಿಯಲೂ ಇಲ್ಲ. ಅವನ ಕಿವಿ ಮಾತ್ರ ಕೆಂಪಾಗಿತ್ತು.

"ನಿನ್ನ ಇಷ್ಟಪಡ್ತೀನಿ," ಎಂದಳು. ನಾಲ್ಕು ವರ್ಷದಲ್ಲಿ ಮೊದಲ ಬಾರಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಆಳುಗಳು ಹಲಗೆಗೆ ಸುತ್ತಿಗೆ ಬಡಿಯುತ್ತಿದ್ದಾಗ. "ಅದಕ್ಕೇ ಹೇಳೋಕಾಗ್ಲಿಲ್ಲ."

"ಎಂಥಾ ದಿನ ನೋಡಿ ಹೇಳ್ತೀಯ ನೀನು."

ರೈಲು ನಿಲ್ದಾಣದ ತನಕ ಅವನು ಅವಳ ಚೀಲವನ್ನೂ, ಒಂದು ಹೆಗಲಿಗೆ ಉಪಕರಣವನ್ನೂ ಹೊತ್ತು ನಡೆದ. ಬೋರ್ಡಿನ ಎಡಭಾಗ ಏನಾಗುವುದೆಂದು ಅವಳು ಕೇಳಲಿಲ್ಲ. ಕಾಯುತ್ತೀಯಾ ಎಂದು ಕೇಳಲು ಅವಳಿಗೆ ಹಕ್ಕಿರಲಿಲ್ಲ.

ಬೋಗಿಯ ಬಾಗಿಲಲ್ಲಿ ಅವನೇ ಚೀಲ ಕೊಟ್ಟ.

"ಆ ನಿಯಮ ನೆನಪಿದೆಯಾ? ಇಬ್ಬರೂ ಒಟ್ಟಿಗೆ ಕದಲಬಾರ್ದು."

"ನೆನಪಿದೆ."

"ಈಗ ನಡೆಯೋ ಸರದಿ ನಿನ್ನದು." ಅವನು ಉಪಕರಣವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ನಾನು ನಿಂತಿರ್ತೀನಿ. ನಿಂತು ನಿಂತು ಕಾಲು ನೋವು ಬಂದ್ರೆ ಬೈಕೋತೀನಿ. ಕೇಳಿಸ್ಕೋಬೇಕು."

"ಕೇಳಿಸ್ಕೋತೀನಿ."

ರೈಲು ಅಲುಗಿತು. ಅವಳು ಬಾಗಿಲಿನ ಕಂಬಿ ಹಿಡಿದು ಹೊರಗೆ ಬಾಗಿದಳು. ಪ್ಲಾಟ್‌ಫಾರಂ ಹಿಂದೆ ಸರಿಯುತ್ತಿತ್ತು. ಜನರ ನಡುವೆ, ಮೂರು ಕಾಲಿನ ಸ್ಟ್ಯಾಂಡನ್ನು ನೆಲಕ್ಕೂರಿ, ಅವನು ಒಂದಿಷ್ಟೂ ಅಲುಗದೆ ನಿಂತಿದ್ದ. ಹತ್ತು ಹೆಜ್ಜೆ. ಮೂವತ್ತು. ಐವತ್ತು. ಅವಳಿಗೆ ಪರಿಚಿತವಾದ ದೂರ ಅದು.

ಅವನು ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿದ. ಅವು ಮೇಲೆಯೇ ಒಂದು ಕ್ಷಣ ತಡೆದವು. ಮೆಲ್ಲಗೆ ಇಳಿಸಿದ.

ಅದರ ಅರ್ಥ ಅವಳಿಗೆ ಗೊತ್ತಿತ್ತು. ಆದರೂ ಮೊದಲ ದಿನ ಏನೂ ತಿಳಿಯದೆ ಮಾಡಿದ್ದನ್ನೇ, ಈಗ ಎಲ್ಲ ತಿಳಿದೂ ಮಾಡಿದಳು. ಅಳುತ್ತಲೇ ನಕ್ಕು, ಕೈ ಬೀಸಿದಳು.